ಗಂಟು ಕಟ್ಟಿದ ಸೀರೆ

ಸೋಮವಾರ, 17 ನವೆಂಬರ್ 1958

ವರ್ಷ ಮುಗಿಯೋದಕ್ಕೆ ಬಂತು, ಈಗ ಡೈರಿ ಬರೆಯೋ ಬುದ್ಧಿ ಬಂದಿದೆ ನನಗೆ. ಇದು ಇವರಿಗೆ ಜನವರಿಯಲ್ಲಿ ಆಫೀಸಿನಲ್ಲಿ ಕೊಟ್ಟಿದ್ದು. ಹತ್ತು ತಿಂಗಳಲ್ಲಿ ಇವರು ಬರೆದಿರೋದು ಒಂದೇ ಮಾತು, ಜೂನ್ ತಿಂಗಳಲ್ಲಿ ಒಂದು ಕಡೆ "ಛತ್ರಿ" ಅಂತ. ಮಿಕ್ಕಿದ್ದೆಲ್ಲ ನನ್ನ ಪಾಲಿಗೆ.

ಬರೆಯೋದು ಯಾಕೆ ಅಂದರೆ ಬಾಯಿಬಿಟ್ಟು ಹೇಳೋ ಹಾಗಿಲ್ಲ. ಕೂಲಿಗೆ ಕೌದಿ ಹೊಲಿದುಕೊಡೋದಕ್ಕೆ ಒಪ್ಪಿಕೊಂಡುಬಿಟ್ಟಿದ್ದೀನಿ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವಳು, ಗುಮಾಸ್ತರ ಹೆಂಡತಿ, ಊರವರ ಹಳೇ ಬಟ್ಟೆ ಮುಂದಿಟ್ಟುಕೊಂಡು ಕೂತಿದ್ದೀನಿ. ಅಜ್ಜಿ ಕಲಿಸಿದ ಕೆಲಸ ಇದು, ಅವರು ಮನೆಮಂದಿಗೆ ಮಾತ್ರ ಹೊಲಿಯುತ್ತಿದ್ದರು.

ಹೊಲಿಯೋಕ್ಕೆ ಕೊಟ್ಟವರು ಎಡಿಯೂರಿನ ಗೌರಮ್ಮನವರು. ಜಯನಗರದ ನಮ್ಮ ಬೀದಿ ಇರೋ ಜಾಗವೆಲ್ಲ ಮೊದಲು ಅವರ ಮನೆಯ ಹೊಲ. "ನಿಮ್ಮ ಅಡಿಗೆಮನೆ ಐತಲ್ಲ, ಅಲ್ಲಿ ನಾವು ಅವರೆ ಸಾಲು ಹಾಕ್ತಿದ್ವಿ" ಅಂತ ನಗುತ್ತಾ ಹೇಳ್ತಾರೆ. ನಾನು ಪ್ರತಿಸಲವೂ ಏನೋ ಕದ್ದವಳ ಹಾಗೆ ನಿಂತಿರ್ತೀನಿ. ಅವರ ಮಗಳಿಗೆ ಹೆರಿಗೆಯಾಗಿ ಹತ್ತು ದಿನ, ಹೆಣ್ಣುಮಗು, ಮನೆಗೆ ಮೊದಲ ಮೊಮ್ಮಗು. ತಾಯಿ ಮಗು ಇಬ್ಬರೂ ಹೊದೆಯೋ ಅಷ್ಟು ದೊಡ್ಡ ಕೌದಿ ಬೇಕಂತೆ. ಧನುರ್ಮಾಸ ಹಿಡಿಯೋದರೊಳಗೆ ತೊಟ್ಟಿಲು ಶಾಸ್ತ್ರ, ಅವತ್ತಿಗೆ ಕೊಡಬೇಕು.

ಇವರ ತಂಗಿ ವಿಮಲಾಗೆ ಹೋದ ವಾರವೇ ಸುದ್ದಿ ಮುಟ್ಟಿ, ವಿಲ್ಸನ್ ಗಾರ್ಡನ್ನಿನಿಂದ ಬಸ್ಸು ಹತ್ತಿ ಬಂದಳು ಪುಣ್ಯಾತ್ಗಿತ್ತಿ. "ಅಲ್ಲ ಅತ್ತಿಗೆ, ನಿಮ್ಮ ಕೈಲಿ ಅವರು ಮಗುವಿನ ಕೌದಿ ಹೊಲಿಸ್ತಾರಾ?" ಅಂದಳು. ಮದುವೆಯಾಗಿ ಹದಿನಾರು ವರ್ಷ, ಮಕ್ಕಳಿಲ್ಲ, ಅದು ಅವಳ ಮಾತಿನ ಅರ್ಥ. ನಾನೇ ಗೌರಮ್ಮನವರನ್ನ ಈ ಮಾತು ಕೇಳಿದ್ದೆ. "ಕೈ ನೋಡ್ತೀನಿ ಕಣವ್ವಾ ನಾನು, ಹೊಟ್ಟೆ ನೋಡಲ್ಲ" ಅಂದಿದ್ದರು. ಅವತ್ತಿನಿಂದ ಆ ಹೆಂಗಸು ಏನು ಕೇಳಿದರೂ ಇಲ್ಲ ಅನ್ನೋ ಶಕ್ತಿ ನನಗಿಲ್ಲ.

ಇವತ್ತು ಬಟ್ಟೆ ಒಗೆಯುವ ಸೊಣ್ಣಮ್ಮ ನಮ್ಮ ಬಟ್ಟೆಯ ಜೊತೆ ಅವರ ಗಂಟನ್ನೂ ತಲೆ ಮೇಲೆ ಹೊತ್ತು ತಂದಳು. ಪಕ್ಕದ ಮನೆಯವರು ಗೇಟಿನ ಹತ್ತಿರವೇ ಇದ್ದರು. "ಏ, ಹಿಂದಿನ ಬಾಗಿಲಿಗೆ ಬಾರೇ" ಅಂತ ಗದರಿಕೊಂಡೆ. ಗಂಟು ಹಿಂದಿನ ಕೋಣೆಯಲ್ಲಿದೆ, ಕಿಟಕಿ ಹಾಕಿದ್ದೀನಿ.

ಗುರುವಾರ, 20 ನವೆಂಬರ್

ಗಂಟಿನಲ್ಲಿ ಏನೇನಿತ್ತು: ಗೌರಮ್ಮನವರ ಯಜಮಾನರು ತಿಮ್ಮರಾಯಪ್ಪನವರ ಪಂಚೆ ಮೂರು, ಮಗಳ ಲಂಗ ನಾಲ್ಕು, ಒಂದು ಗಿಳಿಹಸಿರು ದಾವಣಿ, ಹೂವಿನ ಚೀಟಿಬಟ್ಟೆ ಒಂದಿಷ್ಟು. ಮೇಲಿನ ತೇಪೆಗೆ ಧಾರಾಳವಾಗಿ ಆಯ್ತು, ಬೆನ್ನಿಗೆ ಪಂಚೆ ಆಯ್ತು. ಕೌದಿಗೆ ಹೊಟ್ಟೆ ಅಂತ ಒಂದಿದೆ, ಒಳಗಿನ ಪದರ. ಅದು ಮೆತ್ತಗಿದ್ದರೇ ಬೆಚ್ಚಗಿರೋದು. ಅದಕ್ಕೆ ಏನೂ ಇರಲಿಲ್ಲ.

ಆಮೇಲೆ ನೋಡ್ತೀನಿ, ಗಂಟು ಕಟ್ಟಿದ್ದ ಸೀರೆಯೇ ಇದೆ! ಇಟ್ಟಿಗೆ ಬಣ್ಣ, ಚೌಕಳಿ, ಕೈಮಗ್ಗದ್ದು, ಎಂಟು ಗಜ. ಎಷ್ಟು ಸಲ ನೀರು ಕಂಡಿದೆಯೋ, ಕೆನ್ನೆಗೆ ಇಟ್ಟುಕೊಂಡರೆ ತೆಗೆಯೋಕ್ಕೇ ಮನಸ್ಸು ಬರಲಿಲ್ಲ. ಎರಡು ತುದಿಯೂ ಹಗ್ಗದ ಹಾಗೆ ಮುದುಡಿತ್ತು. ಇಸ್ತ್ರಿ ಹಾಕಿದರೂ ಬಿಡಲಿಲ್ಲ. ಇರಲಿ, ಒಳಗೆ ತಾನೇ ಹೋಗೋದು ಅಂತ, ಕತ್ತರಿಸದೆ ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೆ ತೇಪೆ ಜೋಡಿಸಿ ದೊಡ್ಡ ಹೊಲಿಗೆ ಹಾಕಿಬಿಟ್ಟೆ. ಹಾಳಾಗಿಲ್ಲದಿದ್ದರೆ ಯಾರಾದರೂ ಗಂಟು ಕಟ್ಟೋಕ್ಕೆ ಉಪಯೋಗಿಸ್ತಾರೆಯೇ.

ಶನಿವಾರ, 29 ನವೆಂಬರ್

ಎರಡು ಸೂಜಿ ಮುರಿದವು. ಎಡಗೈ ಹೆಬ್ಬೆರಳು ಜರಡಿಯಾಗಿದೆ, ಸಾರಿಗೆ ಹುಣಿಸೆಹಣ್ಣು ಕಿವುಚಿದರೆ ಪ್ರಾಣ ಹೋಗುತ್ತೆ. ಹಿಂದಿನ ಕೋಣೆಯ ಕತ್ತಲಲ್ಲಿ ಒಂದು ಸಾಲು ಸೊಟ್ಟಗೆ ಹೋಗಿ, ಬಿಚ್ಚಿ ಮತ್ತೆ ಹಾಕಿದೆ.

ಆದರೂ ಒಂದು ಮಾತು ಬರೀಬೇಕು. ಗಿಳಿಹಸಿರು ತೇಪೆಯನ್ನ ಮಧ್ಯದಲ್ಲಿ ಹಾಕಿ ಸುತ್ತ ಹೂವಿನ ಬಟ್ಟೆ ಕೊಟ್ಟೆನಲ್ಲ, ಅದು ಕೂತಿರೋ ಚಂದ ನೋಡಿ ನನಗೇ ನಗು ಬಂತು. ಒಬ್ಬಳೇ ಕೋಣೆಯಲ್ಲಿ ನಗ್ತಾ ಕೂತಿದ್ದೆ. ಇವರು ಇಣುಕಿ ನೋಡಿ, "ಏನು, ಹಳೇ ಬಟ್ಟೆ ವ್ಯಾಪಾರ ಲಾಭದಲ್ಲಿದೆಯಾ?" ಅಂದರು.

ಸೊಣ್ಣಮ್ಮ ಬಟ್ಟೆ ತಂದು ಎಂದಿನ ಹಾಗೆ ಧೊಪ್ ಅಂತ ಹಾಕಿ ಹೋದಳು. ಅವಳು ಎಣಿಸಿ ಕೊಡಲ್ಲ, ನಾನು ಎಣಿಸಿ ತಗೊಳ್ಳಲ್ಲ. ಈ ಮನೆಗೆ ಬಂದು ಏಳು ವರ್ಷ, ಒಂದು ಕರ್ಚೀಪು ಕೂಡ ಕಳೆದಿಲ್ಲ. ಹೋಗೋವಾಗ, "ಬಾಗ್ಲು ಕಿಟ್ಕಿ ಹಾಕ್ಕೊಂಡು ಯಾಕ್ ಹೊಲೀತೀರಾ ಅಮ್ಮಾವ್ರೆ, ಕಣ್ಣು ಹೊಂಟೋಗ್ತವೆ" ಅಂದಳು. ನಿನ್ನ ಕೆಲಸ ನೋಡು ಅಂದೆ.

ಶುಕ್ರವಾರ, 5 ಡಿಸೆಂಬರ್

ಮಧ್ಯಾಹ್ನ ಗೌರಮ್ಮನವರು ಬಂದರು. ಮೂರು ಅಂಚು ಮುಗಿದು ನಾಲ್ಕನೇ ಅಂಚು ಹೊಲಿಯುತ್ತಿದ್ದೆ. ಅವರು ಕೂತುಕೊಂಡು ಗಿಳಿಹಸಿರಿನ ಮೇಲೆ ಕೈ ಆಡಿಸಿ, "ಏನ್ ಕೈಯವ್ವಾ ನಿಮ್ದು" ಅಂದರು. ಖುಷಿಯಲ್ಲಿ ಕಾಫಿಗೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿದೆ.

ಕಾಫಿ ಕುಡಿದು ಲೋಟ ಇಟ್ಟು, "ಆ ಗಂಟಿನ ಸೀರೆ ಕೊಟ್ಬಿಡಿ, ಒಗೆಸಿ ಇಟ್ಕೋಬೇಕು" ಅಂದರು.

ಯಾವ ಸೀರೆ ಅಂತ ಕೇಳಿದೆ.

"ನಮ್ಮತ್ತೆ ಬೈರಮ್ಮನ ಸೀರೆ ಕಣವ್ವಾ. ನಮ್ಮನೇಲಿ ಮರದ ತೊಟ್ಲು ಇಲ್ಲ, ಅದ್ರಲ್ಲೇ ಜೋಲಿ ಕಟ್ಟೋದು. ನಮ್ಮ ಯಜಮಾನರೂ ಅದ್ರಲ್ಲೇ ಮಲ್ಗಿದ್ದು, ನನ್ನ ನಾಲ್ಕು ಮಕ್ಳೂ ಅದ್ರಲ್ಲೇ. ಮೊದಲ ಕೌದಿಗೆ ಬಟ್ಟೆ ಕಳ್ಸೋವಾಗ ಜೋಲಿ ಸೀರೇಲೇ ಗಂಟು ಕಟ್ಟಿ ಕಳ್ಸ್ಬೇಕು, ಹೊಲಿಯೋರು ಬಿಚ್ಕೊಂಡು ವಾಪಸ್ ಕೊಡ್ಬೇಕು. ನಮ್ ಕಡೆ ಎಲ್ರಿಗೂ ಗೊತ್ತು."

ನನಗೆ ಗೊತ್ತಿರಲಿಲ್ಲ. ಆ ಎರಡು ತುದಿ ಹಗ್ಗದ ಹಾಗೆ ಮುದುಡಿದ್ದು ಜಂತೆಗೆ ಕಟ್ಟಿ ಕಟ್ಟಿ. ಐವತ್ತು ಅರವತ್ತು ವರ್ಷದ ಕಟ್ಟು. ಅದನ್ನ ಇಸ್ತ್ರಿ ಹಾಕಿ ಸರಿ ಮಾಡೋಕ್ಕೆ ಹೋಗಿದ್ದೆ ನಾನು.

ಹೇಳಿಬಿಡಬಹುದಿತ್ತು. "ಅಯ್ಯೋ ಗೌರಮ್ಮನೋರೆ, ತಿಳೀದೆ ಒಳಗೆ ಹಾಕಿಬಿಟ್ಟೆ" ಅನ್ನೋದಕ್ಕೆ ಎಷ್ಟು ಹೊತ್ತು ಬೇಕು. ಆದರೆ ವಿಮಲಾ ಬಾಗಿಲಲ್ಲಿ ನಿಂತು ಕೇಳಿದ ಮಾತೇ ಕಿವಿಯಲ್ಲಿತ್ತು. ಮಕ್ಕಳಿಲ್ಲದವಳ ಕೈಗೆ ಕೊಟ್ಟರೆ ಇನ್ನೇನಾಗುತ್ತೆ, ಜೋಲಿ ಸೀರೆಗೇ ಸೂಜಿ ಹಾಕಿದಳು ಅಂತ ಎಡಿಯೂರು, ಜಯನಗರ, ವಿಲ್ಸನ್ ಗಾರ್ಡನ್ ಎಲ್ಲ ಕಡೆ ಆಡಿಕೊಳ್ಳೋದು ಕೇಳಿಸಿತು. ಮುಗಿಯದ ಅಂಚಿನಲ್ಲಿ ಇಟ್ಟಿಗೆ ಬಣ್ಣ ಬೆರಳಗಲ ಕಾಣ್ತಿತ್ತು. ಅದರ ಮೇಲೆ ಟವಲು ಎಳೆದೆ.

"ಅವತ್ತೇ ಸೊಣ್ಣಮ್ಮನ ಕೈಲಿ ಕಳಿಸಿದ್ನಲ್ಲ" ಅಂದೆ.

ಬಾಯಿಗೆ ಅದೇ ಹೆಸರು ಬಂತು. ಗಂಟು ತಂದವಳು ಅವಳು ತಾನೇ, ಅದಕ್ಕೆ.

ಭಾನುವಾರ, 7 ಡಿಸೆಂಬರ್

ನಾಲ್ಕನೇ ಅಂಚು ಹೊಲಿದು ಮುಗಿಸಿದೆ. ಈಗ ಏನೂ ಕಾಣಲ್ಲ.

ಸೋಮವಾರ, 8 ಡಿಸೆಂಬರ್

ಇವರು ಬಸವನಗುಡಿಯ ಪರಿಷೆಗೆ ಹೋಗಿ ಎರಡು ಸೇರು ಕಡಲೆಕಾಯಿ ತಂದರು. ಅಲ್ಲಿ ತಿಮ್ಮರಾಯಪ್ಪನವರು ಸಿಕ್ಕಿದ್ದರಂತೆ. ಸೊಣ್ಣಮ್ಮನ ಮನೆಯನ್ನೆಲ್ಲ ಜಾಲಾಡಿಸಿದರಂತೆ, ಸೀರೆ ಸಿಗಲಿಲ್ಲವಂತೆ. ಮಾರಿಕೊಂಡಿರಬೇಕು ಅಂತ ಹೇಳ್ತಿದ್ದಾರಂತೆ. ಅವರ ಮನೆಯಲ್ಲಿ ಅವಳಿಗೆ ಬಟ್ಟೆ ಹಾಕೋದು ನಿಲ್ಲಿಸಿದ್ದಾರೆ. ನಮ್ಮ ಬೀದಿಯಲ್ಲೂ ಆರು ಮನೆಯವರು ನಿಲ್ಲಿಸಿದ್ದಾರೆ.

"ಅವಳು ಅಂಥವಳಲ್ಲ ಅಂತ ನಾನು ಹೇಳಿದೆ" ಅಂದರು ಇವರು. "ನೀನೇನಂತೀಯಾ?"

ಕಡಲೆಕಾಯಿ ಬೇಯಿಸಿದೆ. ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗಲಿಲ್ಲ. ಇವರು ಸುಮ್ಮನೆ ತಿಂದರು.

ಮಂಗಳವಾರ, 9 ಡಿಸೆಂಬರ್

ಸೊಣ್ಣಮ್ಮ ಬಂದಿದ್ದಳು. ಗಂಟಿಲ್ಲದೆ ಬರಿಗೈಲಿ ಅವಳನ್ನ ನಾನು ನೋಡಿದ್ದು ಇದೇ ಮೊದಲು. ಹಿಂದಿನ ಬಾಗಿಲಿಗೆ ಬರಲಿಲ್ಲ, ಮುಂದಿನ ಬಾಗಿಲಿಗೆ ಬಂದು ನಿಂತಳು.

"ಅಮ್ಮಾವ್ರೆ, ನೀವು ನನ್ ಕೈಗೆ ಸೀರೆ ಕೊಟ್ರಾ?"

ಜಗಳಕ್ಕೆ ಬಂದವಳ ದನಿಯಲ್ಲ. ನಿಜವಾಗಿ ಕೇಳ್ತಿದ್ದಳು, ತಾನೇ ಏನಾದರೂ ಮರೆತಿದ್ದೀನಾ ಅಂತ.

"ಕೊಟ್ಟ ಜ್ಞಾಪಕ" ಅಂದೆ.

ಅವಳು ನನ್ನ ಮುಖ ನೋಡಿದಳು. ನಾನು ಅವಳ ಹೆಗಲಾಚೆ ಗೇಟು ನೋಡಿದೆ. "ನಂಗ್ ಬರ್ತಿಲ್ಲ ಜ್ಞಾಪಕ. ಎರಡು ದಿನ ಆಯ್ತು, ಯೋಚ್ನೆ ಮಾಡ್ತಾನೇ ಇವ್ನಿ. ಕಲ್ ಮೇಲೆ ಬಟ್ಟೆ ಒಗೀವಾಗ್ಲೂ ಅದೇ ಯೋಚ್ನೆ. ಯಾವ್ ಬಟ್ಟೆ ಯಾವ್ ಮನೇದು ಅಂತ ಮುಟ್ಟಿ ಹೇಳ್ತೀನಿ ಅಮ್ಮಾವ್ರೆ ನಾನು, ಅಂಥಾ ಸೀರೆ ಮರೆತೋಗ್ತದಾ?"

ನಾನು ಬಾಗಿಲ ಚಿಲಕ ಹಿಡಿದುಕೊಂಡೆ.

"ಶುಕ್ರವಾರ ಕೆರೆ ಏರಿ ಮೇಲೆ ಮುನೇಶ್ವರನ ಗುಡೀಲಿ ಕರ್ಪೂರ ಹಚ್ಚಿ ಆಣೆ ಮಾಡ್ತೀನಿ ಅಂತ ಗೌರಮ್ಮನೋರಿಗೆ ಹೇಳಿವ್ನಿ. ನೀವೂ ಬರ್ಬೇಕು. ಕೊಟ್ಟಿದ್ರೆ ಕೊಟ್ಟೆ ಅನ್ನಿ ಅಲ್ಲಿ. ನೀವು ಅಂದ್ಬಿಟ್ರೆ ನಾನು ಒಪ್ಕೋತೀನಿ, ನಂಗೇ ಬುದ್ಧಿ ಕೆಟ್ಟೈತೆ ಅಂದ್ಕೋತೀನಿ."

ಥೂ ನನ್ನ ಜನ್ಮಕ್ಕೆ. ಅವಳು ಹೋದ ಮೇಲೂ ಬಾಗಿಲ ಚಿಲಕ ಹಿಡಿದೇ ನಿಂತಿದ್ದೆ. ನನ್ನ ಮಾತನ್ನ ಅವಳು ತನ್ನ ಜ್ಞಾಪಕಕ್ಕಿಂತ ಹೆಚ್ಚಾಗಿ ನಂಬ್ತಾಳೆ. ಏಳು ವರ್ಷ ಎಣಿಸದೆ ಕೊಟ್ಟು, ಎಣಿಸದೆ ತಗೊಂಡಿದ್ದಕ್ಕೆ ನಾನು ಮಾಡಿದ ಉಪಕಾರ ಇದು.

ಬುಧವಾರ, 10 ಡಿಸೆಂಬರ್

ಕೌದಿಯನ್ನ ಟ್ರಂಕಿನಲ್ಲಿ ಹಾಕಿ ಮುಚ್ಚಿದೆ, ಮತ್ತೆ ತೆಗೆದೆ, ಮತ್ತೆ ಮುಚ್ಚಿದೆ.

ಗುರುವಾರ, 11 ಡಿಸೆಂಬರ್

ಬೆಳಗ್ಗೆ ಕಾಫಿ ಕೊಡೋವಾಗ ಇವರಿಗೆ ಹೇಳಿಬಿಟ್ಟೆ. ಪೂರ್ತಿ ಹೇಳೋ ಹೊತ್ತಿಗೆ ಕಾಫಿ ಆರಿ ತಣ್ಣಗಾಗಿತ್ತು. ಬೈತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಇವರು ಲೋಟ ಕೆಳಗಿಟ್ಟು, "ಇವತ್ತಾದರೆ ಬಿಚ್ಚಬಹುದು ಚೂಡಾ. ನಾಳೆ ಅವಳು ಕರ್ಪೂರ ಹಚ್ಚಿದ ಮೇಲೆ ಬಿಚ್ಚೋಕ್ಕಾಗಲ್ಲ" ಅಂದರು.

"ಜನ ಏನಂತಾರೆ?"

"ಏನೇನಂತಾರೋ ಅದೆಲ್ಲ ಅಂತಾರೆ" ಅಂದರು. ಈ ಮನುಷ್ಯನ ಹತ್ತಿರ ಸಮಾಧಾನದ ಮಾತು ಕೇಳಬಾರದು.

ಆಫೀಸಿಗೆ ಹೋಗಿ ಅರ್ಧ ದಿನದ ರಜ ಬರೆದುಕೊಟ್ಟು ಬಂದರು. ಹಿಂದಿನ ಕೋಣೆಯಲ್ಲಿ ದಾರವೇ ಕಾಣಲಿಲ್ಲ, ಬಿಳೀ ಪಂಚೆಯ ಮೇಲೆ ಬಿಳೀ ದಾರ. ಜಗುಲಿಗೆ ತಂದು ಹಾಸಿಕೊಂಡು ಕೂತೆವು. ಇವರು ಬಟ್ಟೆ ಬಿಗಿಯಾಗಿ ಹಿಡಿಯೋದು, ನಾನು ಬ್ಲೇಡಿನಿಂದ ನಾಲ್ಕು ಹೊಲಿಗೆಗೊಂದು ಸಲ ಕತ್ತರಿಸಿ ಎಳೆಯೋದು. ಪಕ್ಕದ ಮನೆಯಾಕೆ ಎರಡು ಸಲ ಬಂದು ನೋಡಿ ಹೋದರು. ಮೂರನೇ ಸಲ ಕೇಳೇಬಿಟ್ಟರು. "ಕೌದಿ. ತಪ್ಪಾಗಿದೆ, ಬಿಚ್ತಾ ಇದ್ದೀನಿ" ಅಂದೆ. ಬೇರೆ ಏನು ಹೇಳೋದು, ಕೈ ಬಿಡುವಿರಲಿಲ್ಲ.

ಮೂರು ವಾರ ಹೊಲಿದಿದ್ದು ಸಂಜೆ ಐದಕ್ಕೆ ಬಿಚ್ಚಿ ಮುಗಿಯಿತು. ಗಿಳಿಹಸಿರು ತೇಪೆ ಬಿಚ್ಚೋವಾಗ ಅಳು ಬಂತು. ಸೀರೆ ಹೊರಗೆ ಬಂತು. ಹರಿದಿಲ್ಲ, ಅದೊಂದು ಪುಣ್ಯ. ಆದರೆ ಈ ತುದಿಯಿಂದ ಆ ತುದಿಯವರೆಗೆ ಬೆರಳು ಬೆರಳು ದೂರಕ್ಕೆ ಸೂಜಿ ತೂತು, ಸಾಲು ಸಾಲಾಗಿ. ಒಂದು ಮೂಲೆಯಲ್ಲಿ ಸೊಣ್ಣಮ್ಮ ಕಪ್ಪು ಮಸಿಯಲ್ಲಿ ಹಾಕಿದ ಮನೆ ಗುರುತಿದೆ, ಎರಡು ಗೀಟು ಒಂದು ಚುಕ್ಕಿ. ಅದರ ಮಧ್ಯದಲ್ಲೇ ಒಂದು ಹೊಲಿಗೆ ಹೋಗಿದೆ.

ನನ್ನ ಸೀರೆಗಳನ್ನ ತೆಗೆದು ನೋಡಿದೆ. ಮೂರು ಗೀಟು. ಏಳು ವರ್ಷ ಉಟ್ಟಿದ್ದೀನಿ, ಇವತ್ತು ನೋಡಿದೆ.

ಶುಕ್ರವಾರ, 12 ಡಿಸೆಂಬರ್

ಇವರು ಜೊತೆಗೆ ಬರ್ತೀನಿ ಅಂದರು, ಬೇಡ ಅಂದೆ. ಸೀರೆಯನ್ನ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಸೆರಗು ಹೊದ್ದು ಹೊರಟೆ. ಬೀದಿ ಕೊನೆಯಲ್ಲಿ ಸೆರಗು ತೆಗೆದೆ, ಬಿಸಿಲಿತ್ತು.

ಎಡಿಯೂರು ಕೆರೆ ಏರಿ ಮೇಲಿನ ಆ ಗುಡಿ ಗುಡಿಯೂ ಅಲ್ಲ, ನಾಲ್ಕು ಕಲ್ಲು, ಬೇವಿನ ಮರದ ಕೆಳಗೆ. ಗೌರಮ್ಮನವರು, ತಿಮ್ಮರಾಯಪ್ಪನವರು, ಸೊಣ್ಣಮ್ಮನ ಕಡೆಯ ನಾಲ್ಕೈದು ಹೆಂಗಸರು ಇದ್ದರು. ಸೊಣ್ಣಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು, ಅಂಗೈಯಲ್ಲಿ ಕರ್ಪೂರ ಹಿಡಿದುಕೊಂಡು ನಿಂತಿದ್ದಳು. ಬೆಂಕಿಪೊಟ್ಟಣ ಇನ್ನೂ ತೆಗೆದಿರಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ತಿಳಿಯದೆ ಆದದ್ದು, ಕತ್ತಲು, ನಿಮ್ಮ ಪದ್ಧತಿ ಗೊತ್ತಿರಲಿಲ್ಲ, ಹೀಗೆ. ಅಲ್ಲಿ ಒಂದೂ ಬರಲಿಲ್ಲ. ಸೀರೆ ಮುಂದೆ ಚಾಚಿ, "ನನ್ನ ಹತ್ತಿರವೇ ಇತ್ತು. ಕೌದಿ ಒಳಗೆ ಹಾಕಿ ಹೊಲಿದಿದ್ದೆ. ಸೊಣ್ಣಮ್ಮನಿಗೆ ಕೊಟ್ಟಿರಲಿಲ್ಲ. ಸುಳ್ಳು ಹೇಳಿದೆ" ಅಂದೆ.

ಗೌರಮ್ಮನವರು ಸೀರೆ ತಗೊಂಡು ಬಿಡಿಸಿ ಬಿಸಿಲಿಗೆ ಎತ್ತಿ ಹಿಡಿದರು. ತೂತುಗಳಿಂದ ಬೆಳಕು ಬಂದು ಅವರ ಮುಖದ ಮೇಲೆಲ್ಲ ಚುಕ್ಕಿ ಚುಕ್ಕಿ ಬಿತ್ತು. ನಾನು ಅವರ ಕಾಲಿಗೆ ಬಗ್ಗೋಕ್ಕೆ ಹೋದೆ.

"ನನ್ ಮುಂದೆ ಯಾಕವ್ವಾ ಬಗ್ತೀಯಾ" ಅಂದರು. "ನಂದು ಬಟ್ಟೆ ಹೋಗಿತ್ತು, ಬಂತು. ಕಳ್ಳಿ ಅನ್ನಿಸ್ಕೊಂಡೋಳು ಅಲ್ ನಿಂತವ್ಳೆ ನೋಡು."

ಸೊಣ್ಣಮ್ಮನ ಕಡೆ ತಿರುಗಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅವಳ ಕಡೆಯ ಹೆಂಗಸರು ಏನೇನೋ ಅಂದರು. ಅವರು ಅಂದಿದ್ದನ್ನ ನಾನು ಇಲ್ಲಿ ಬರೆಯಲ್ಲ, ಎಲ್ಲ ನ್ಯಾಯವಾದ ಮಾತೇ. ಸೊಣ್ಣಮ್ಮ ಮಾತ್ರ ಇಷ್ಟೇ ಹೇಳಿದಳು: "ಬಾಗ್ಲಿಗೆ ಬಂದು ಕೇಳಿದ್ನಲ್ಲ ಅಮ್ಮಾವ್ರೆ. ಅವತ್ತು ಹೇಳ್ಬೌದಿತ್ತು."

ಕರ್ಪೂರವನ್ನ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಏರಿ ಇಳಿದು ಹೋದಳು.

ಗೌರಮ್ಮನವರು ಹೋಗೋ ಮುಂಚೆ, "ನಿಮ್ಮ ಬೀದೀಲಿ ಎಷ್ಟು ಮನೆಯೋರು ಅವ್ಳಿಗೆ ಬಟ್ಟೆ ಹಾಕೋದು ಬಿಟ್ಟವ್ರೆ?" ಅಂತ ಕೇಳಿದರು. ಆರು ಅಂದೆ. "ಆರಕ್ಕೂ ಹೋಗಿ ಹೇಳು. ನಾನು ಹೇಳಿದ್ರೆ ಆಗಾಕಿಲ್ಲ" ಅಂದರು. ಇಷ್ಟು ದಿನ "ನೀವು" ಅಂತಿದ್ದವರು ಇವತ್ತು "ನೀನು" ಅಂದರು. ಸಿಟ್ಟಿಗೋ ಏನೋ.

ಶನಿವಾರ, 13 ಡಿಸೆಂಬರ್

ಆರು ಮನೆ.

ಮೊದಲನೆಯ ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ ಕೇಳಿಕೊಂಡರು. ಎರಡನೆಯ ಮನೆಯಲ್ಲಿ ಶಾಂತಾದೇವಿಯವರು ಕೂರಿಸಿ ಕಾಫಿ ಕೊಟ್ಟು, "ಹೋಗಲಿ ಬಿಡಿ, ಅವಳು ಇದಲ್ಲದಿದ್ದರೆ ಇನ್ನೊಂದು ಕದ್ದಿರ್ತಾಳೆ" ಅಂದರು. ಕಾಫಿ ಅಲ್ಲೇ ಇಟ್ಟು, "ಅವಳು ಕದ್ದಿಲ್ಲ, ನಾನು ಸುಳ್ಳು ಹೇಳಿದ್ದು" ಅಂತ ಮೊದಲಿನಿಂದ ಪುನಃ ಹೇಳಿದೆ. ಮೂರನೆಯ ಮನೆಯಲ್ಲಿ ನಾಲಿಗೆ ಸ್ವಲ್ಪ ಜಾರಿತು, "ಒಂದು ತಪ್ಪು ತಿಳುವಳಿಕೆಯಾಯ್ತು" ಅಂದುಬಿಟ್ಟೆ. ಗೇಟಿನವರೆಗೆ ಬಂದು ವಾಪಸ್ಸು ಹೋಗಿ ಸರಿಯಾಗಿ ಹೇಳಿ ಬಂದೆ. ಆಮೇಲಿನ ಮನೆಗಳಲ್ಲಿ ಚುಟುಕಾಗಿ ಹೇಳೋದು ಅಭ್ಯಾಸವಾಯ್ತು.

ಮನೆಗೆ ಬಂದರೆ ವಿಮಲಾ ಕೂತಿದ್ದಳು. ಅವಳಿಗೂ ಹೇಳಿದೆ, ಏಳನೆಯದು. "ನಾನು ಅವತ್ತೇ ಅಂದೆ, ನಮ್ಮಂಥವರಿಗೆ ಯಾಕೆ ಇದೆಲ್ಲ ಅಂತ. ಇನ್ನಾದರೂ ಬಿಡ್ತೀರಾ?" ಅಂದಳು. ಕೌದಿ ಅರ್ಧಕ್ಕೆ ನಿಂತಿದೆಯಲ್ಲ, ಹೇಗೆ ಬಿಡೋದು ಅಂದೆ. ಅವಳು ಹೊರಡೋವರೆಗೆ ನನ್ನ ಮುಖವನ್ನೇ ನೋಡ್ತಿದ್ದಳು.

ಭಾನುವಾರ, 14 ಡಿಸೆಂಬರ್

ತೊಟ್ಟಿಲು ಶಾಸ್ತ್ರಕ್ಕೆ ಕರೀತಾರೆ ಅಂದುಕೊಂಡಿರಲಿಲ್ಲ. ಬೆಳಗ್ಗೆ ಹೇಳಿ ಕಳಿಸಿದರು. ಹೋಗದಿದ್ದರೆ ಇನ್ನೂ ತಪ್ಪು ಅಂತ ಹೋದೆ. ಗೋಡೆಗೆ ಒರಗಿ ಹಿಂದೆ ನಿಂತೆ.

ನಡುಮನೆಯ ಜಂತೆಗೆ ಜೋಲಿ ಕಟ್ಟಿದ್ದರು, ಅದೇ ಸೀರೆಯಲ್ಲಿ. ಸೊಣ್ಣಮ್ಮ ಅದನ್ನ ಒಗೆದು ಗಂಜಿ ಹಾಕದೆ ತಂದಿದ್ದಳಂತೆ. ತಾನು ಒಗೆದು ತಂದ ಬಿಳೀ ಬಟ್ಟೆಯನ್ನ ಕೆಳಗೆ ಹಾಸಿ, ಎದ್ದು ಒಂದು ಕಡೆ ನಿಂತಳು. ನನ್ನ ಕಡೆ ನೋಡಲಿಲ್ಲ. ಸೂಜಿಯ ಸಾಲುಗಳು ದೂರಕ್ಕೂ ಕಾಣ್ತಿದ್ದವು. ಬಂದ ಹೆಂಗಸರೆಲ್ಲ ಜೋಲಿ ನೋಡಿ, ಆಮೇಲೆ ನನ್ನನ್ನ ನೋಡ್ತಿದ್ದರು.

ಮಗುವಿಗಿಂತ ಮುಂಚೆ ರುಬ್ಬುವ ಗುಂಡು ಮಲಗಿಸಬೇಕು. ತೊಳೆದು ಕುಂಕುಮ ಇಟ್ಟು, ಟೋಪಿ ಹಾಕಿ, ಗುಂಡಪ್ಪ ಅಂತ ಮುದ್ದು ಮಾಡ್ತಾ ತಂದರು. ಎಲ್ಲ ಮನೆಯಲ್ಲೂ ಮಾಡೋ ಶಾಸ್ತ್ರವೇ, ಎಲ್ಲರೂ ನಗೋದು. ಗುಂಡನ್ನ ಜೋಲಿಯೊಳಗೆ ಬಿಟ್ಟ ತಕ್ಷಣ ಚರ್ ಅಂತ ಒಂದು ಸಣ್ಣ ಸದ್ದಾಯಿತು. ಒಂದು ಸಾಲು ತೂತು ಒಂದಕ್ಕೊಂದು ಕೂಡಿಕೊಂಡು ಬೆರಳುದ್ದ ಬಿಟ್ಟಿತು. ಗೌರಮ್ಮನವರು ಜೋಲಿಯನ್ನ ಒಂದು ಸಲ ತೂಗಿದರು, ಇನ್ನೊಂದು ಸಲ ಜೋರಾಗಿ ತೂಗಿದರು. ಅಷ್ಟಕ್ಕೇ ನಿಂತಿತು, ಮುಂದೆ ಹೋಗಲಿಲ್ಲ.

"ಗುಂಡಪ್ಪನ್ನ ತಡ್ಕೊಂತು. ನನ್ ಮೊಮ್ಮಗಳು ಇಷ್ಟು ಭಾರ ಇಲ್ಲ" ಅಂದರು. ಗುಂಡು ತೆಗೆದು ಮಗುವನ್ನ ಮಲಗಿಸಿದರು. ಅದು ಹಾಯಾಗಿ ಕಾಲು ಒದೀತಾ ಮಲಗಿತ್ತು. ಮುತ್ತಜ್ಜಿಯ ಹೆಸರೇ ಇಟ್ಟರು, ಬೈರಮ್ಮ ಅಂತ. ಸ್ಕೂಲಿಗೆ ಬೇರೆ ಇಡ್ತಾರಂತೆ.

ಹೊರಡೋವಾಗ ಕೌದಿಯ ಮಾತು ನಾನೇ ತೆಗೆದೆ. ಹೊಟ್ಟೆಗೆ ಹಾಕೋಕ್ಕೆ ಬೇರೆ ಹಳೇ ಸೀರೆ ಇದ್ದರೆ ಕೊಡಿ ಅಂದೆ. ಗೌರಮ್ಮನವರು ಎಲೆ ಅಡಿಕೆ ತಟ್ಟೆ ನನ್ನ ಮುಂದೆ ಹಿಡಿದು, "ನಿನ್ ಸೀರೇನೇ ಒಂದ್ ಹಾಕು" ಅಂದರು.

ಮಗು ಹೊದೆಯೋ ಕೌದಿಗೆ ನನ್ನ ಸೀರೆ! ಎಡಿಯೂರಿನಿಂದ ಮನೆಯವರೆಗೆ ಅದನ್ನೇ ಹೇಳಿಕೊಳ್ತಾ ನಡೆದು ಬಂದೆ.

ಮಂಗಳವಾರ, 16 ಡಿಸೆಂಬರ್

ಇವತ್ತಿನಿಂದ ಧನುರ್ಮಾಸ. ಐದಕ್ಕೇ ಎದ್ದು ಹುಗ್ಗಿ ಮಾಡಿದೆ, ಕೊರೆಯೋ ಚಳಿ. ಬಿಸಿಲು ಬಂದ ಮೇಲೆ ಜಗುಲಿಯಲ್ಲಿ ಕೂತು ಕೌದಿ ಹಾಸಿಕೊಂಡೆ. ಅಮ್ಮ ಕೊಟ್ಟಿದ್ದ ಕಂದು ಬಣ್ಣದ ಸೀರೆ ಒಳಗೆ ಹಾಕಿದ್ದೀನಿ. ಮೂರು ಗೀಟಿನ ಮೂಲೆಯನ್ನ ಹೊಲಿಗೆಯಿಂದ ತಪ್ಪಿಸಿದ್ದೀನಿ. ಗಿಳಿಹಸಿರು ಮತ್ತೆ ಮಧ್ಯದಲ್ಲೇ.

ಹತ್ತು ಗಂಟೆಗೆ ಸೊಣ್ಣಮ್ಮ ಬಂದಳು, ಗಂಟು ಹೊತ್ತು. ಕಂಡ ತಕ್ಷಣ ಎದ್ದು ನಿಂತೆ. ಇನ್ನು ನಮ್ಮ ಮನೆಗೆ ಬರೋದೇ ಇಲ್ಲ ಅಂದುಕೊಂಡಿದ್ದೆ. ಬಾ, ಕೂತುಕೋ, ಹುಗ್ಗಿ ಇದೆ ಅಂದೆ. ಕೂರಲಿಲ್ಲ. ಎಂದಿನ ಹಾಗೆ ಧೊಪ್ ಅಂತ ಹಾಕಲೂ ಇಲ್ಲ. ಗಂಟನ್ನ ಮೆಲ್ಲಗೆ ಇಳಿಸಿ, ಬಿಚ್ಚಿ, ಒಂದೊಂದೇ ಬಟ್ಟೆ ತೆಗೆದು ನನ್ನ ಮುಂದೆ ಇಟ್ಟಳು.

"ಅಯ್ನೋರ ಪಂಚೆ ಒಂದು. ಪಂಚೆ ಎರಡು. ಶರ್ಟು ಮೂರು. ನಾಲ್ಕು. ನಿಮ್ಮ ಸೀರೆ ಐದು."

ಗಟ್ಟಿಯಾಗಿ ಎಣಿಸಿದಳು. ಪಕ್ಕದ ಮನೆಯವರು ಗೇಟಿನ ಹತ್ತಿರ ಇದ್ದರು, ಎದುರು ಮನೆಯ ಜಗುಲಿಯಲ್ಲೂ ಯಾರೋ ಇದ್ದರು. ಪ್ರತಿ ಬಟ್ಟೆ ಇಟ್ಟು ನನ್ನ ಮುಖ ನೋಡಿ ನಿಲ್ಲುತ್ತಿದ್ದಳು. ನಾನು ಹೂಂ ಅನ್ನೋವರೆಗೆ ಮುಂದಿನದು ತೆಗೆಯುತ್ತಿರಲಿಲ್ಲ. ಒಂದು ಸಲ ಮೆಲ್ಲಗೆ ಅಂದೆ. "ಜೋರಾಗಿ ಅನ್ನಿ ಅಮ್ಮಾವ್ರೆ" ಅಂದಳು.

"ಕರ್ಚೀಪು ಹದ್ನಾಲ್ಕು. ಸರಿ ಅವಾ?"

"ಸರಿಯಾಗಿದೆ ಸೊಣ್ಣಮ್ಮ. ಹದಿನಾಲ್ಕು" ಅಂದೆ, ಎದುರು ಮನೆಗೆ ಕೇಳೋ ಹಾಗೆ.

ಒಗೆಯೋ ಬಟ್ಟೆಯನ್ನೂ ಹಾಗೇ ಎಣಿಸಿ ತಗೊಂಡಳು, ಹನ್ನೊಂದು. ಗಂಟು ಕಟ್ಟಿ ತಲೆ ಮೇಲೆ ಇಟ್ಟುಕೊಂಡು, "ಮುಂದಿನ ಮಂಗಳವಾರ ಬತ್ತೀನಿ" ಅಂತ ಹೇಳಿ ಹೋದಳು. ಅವಳು ಮೂಲೆ ತಿರುಗೋವರೆಗೆ ನೋಡ್ತಾ ನಿಂತಿದ್ದೆ. ಆಮೇಲೆ ಒಳಗೆ ಬಂದು ಈ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೀನಿ, ಮುಂದಿನ ವಾರ ನಾನೇ ಮೊದಲು ಎಣಿಸಿ ಹೇಳಬೇಕು: ಪಂಚೆ ಎರಡು, ಶರ್ಟು ಮೂರು, ಸೀರೆ ಎರಡು, ರವಿಕೆ ಎರಡು, ಟವಲು ಒಂದು, ದಿಂಬಿನ ಚೀಲ ಒಂದು. ಹನ್ನೊಂದು.